ತಗ್ಗು ತುಂಬಿದ ಮೆತ್ತೆ

ನಮ್ಮತ್ತೆಗೆ ನೆಲದ ಮೇಲೆ ನಡೆಯುವುದೆಂದರೆ ಪ್ರಾಣಸಂಕಟ. ಸೊಂಟದ ಕೀಲು ಬದಲಾಯಿಸಿದ ಮೇಲಂತೂ ಅಡುಗೆಮನೆಯಿಂದ ಬಚ್ಚಲಿಗೆ ಹೋಗುವುದೇ ಅವರಿಗೊಂದು ದೊಡ್ಡ ಪ್ರಯಾಣ. ಕೋಲು ಊರುತ್ತಾ, ಗೋಡೆ ಹಿಡಿಯುತ್ತಾ, ದಾರಿಗೆ ಅಡ್ಡ ಬಂದ ಕುರ್ಚಿಗಳಿಗೆಲ್ಲ ಬೈಯುತ್ತಾ ಹೋಗುತ್ತಿದ್ದರು. ಆ ಕುರ್ಚಿಗಳೆಲ್ಲ ನನ್ನವು. ನಾನು ಸೋಫಾ, ಕುರ್ಚಿಗಳಿಗೆ ಮೆತ್ತೆ ಹಾಕುವವಳು. ಕೆಳಗಿನ ಅಂಗಡಿಯಲ್ಲಿ ಜಾಗ ಸಾಲದೆ ರಿಪೇರಿಗೆ ಬಂದವುಗಳಲ್ಲಿ ಅರ್ಧವನ್ನು ಮೇಲಿನ ಮನೆಗೇ ತಂದು ಗುಡ್ಡೆ ಹಾಕುತ್ತಿದ್ದೆ. "ಈ ಮನೇಲಿ ಮನುಷ್ಯರಿಗಿಂತ ಕುರ್ಚಿ ಜಾಸ್ತಿ, ಕೂರೋಕೆ ಮಾತ್ರ ಒಂದೂ ಇಲ್ಲ" ಎನ್ನುವುದು ಅತ್ತೆಯ ನಿತ್ಯದ ಮಾತು. ನನ್ನ ಗಂಡ ಲಿಫ್ಟ್ ರಿಪೇರಿ ಮಾಡುವವನು. ಊರಿನ ಲಿಫ್ಟುಗಳನ್ನೆಲ್ಲ ಓಡಿಸುವವನ ತಾಯಿ ಲಿಫ್ಟಿಲ್ಲದ ಕಟ್ಟಡದ ಮೆಟ್ಟಿಲನ್ನು ಕೂತು ಕೂತು ಇಳಿಯುತ್ತಿದ್ದರು. ಇದನ್ನು ನೋಡಿ ನಗಬೇಕೋ ಅಳಬೇಕೋ ನನಗೆ ಕೊನೆಗೂ ತಿಳಿಯಲಿಲ್ಲ.

ಆದರೆ ಕುದುರೆಯ ಮೇಲೆ ಕೂರಿಸಿಬಿಟ್ಟರೆ ಅವರೇ ಬೇರೆ. ಬೆನ್ನು ನೆಟ್ಟಗಾಗುತ್ತಿತ್ತು, ದನಿಗೆ ಅಧಿಕಾರ ಬರುತ್ತಿತ್ತು. ಊರಾಚೆಯ ಸವಾರಿ ಶಾಲೆಯಲ್ಲಿ ಜೀವನವಿಡೀ ಪಾಠ ಹೇಳಿದವರು ಅವರು. ಎಷ್ಟು ಮಕ್ಕಳನ್ನು ಕುದುರೆ ಹತ್ತಿಸಿದ್ದಾರೋ, ಅಷ್ಟೇ ಮಕ್ಕಳ ತಾಯಂದಿರನ್ನು ಬಾಯಿಮುಚ್ಚಿಸಿ ಬೇಲಿಯಾಚೆ ಕೂರಿಸಿದ್ದಾರೆ. ಆ ಮಕ್ಕಳಲ್ಲಿ ಬಹುಪಾಲು ಕಲಿತದ್ದು ಗೋಧಿ ಎಂಬ ಹೆಣ್ಣು ಕುದುರೆಯ ಮೇಲೆ. ಕಟಾವಿಗೆ ಬಂದ ಗೋಧಿಯ ಬಣ್ಣ, ಅದಕ್ಕೇ ಆ ಹೆಸರು. ಅತ್ತೆ ನಿವೃತ್ತರಾಗುವ ಹೊತ್ತಿಗೆ ಗೋಧಿಗೂ ವಯಸ್ಸಾಗಿತ್ತು. ಮಕ್ಕಳನ್ನು ಹೊತ್ತು ಓಡುವ ಶಕ್ತಿ ಉಳಿದಿರಲಿಲ್ಲ.

ಶಾಲೆಯ ಯಜಮಾನನದು ಒಂದೇ ನಿಯಮ. ಯಾರೂ ಹತ್ತದ ಕುದುರೆಗೆ ಲಾಯದಲ್ಲಿ ಜಾಗವಿಲ್ಲ. ಅತ್ತೆ ದಿನವೂ ಹೋಗಿ ಗೋಧಿಯ ಮೇಲೆ ಕೂತು ನಿಧಾನವಾಗಿ ಅಂಗಳ ಸುತ್ತುತ್ತಿದ್ದರಿಂದ ಅದು ಕೆಲಸದ ಕುದುರೆ ಎಂದೇ ಲೆಕ್ಕವಾಗಿತ್ತು. ಆಪರೇಷನ್ ಆದ ಮೇಲೆ ಆ ಲೆಕ್ಕ ತಪ್ಪಿತು. ಒಂದು ಬೆಳಿಗ್ಗೆ ಯಜಮಾನ ನಮ್ಮ ಮನೆಗೆ ಬಂದು, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಸ್ಪ್ರಿಂಗು ಕಿತ್ತ ಕುರ್ಚಿಯಲ್ಲೇ ಕೂತು, ಅರ್ಧ ಮುಳುಗಿ, ಮುಳುಗಿದ ಹಾಗೇ ಮಾತಾಡಿದ.

"ಮೇಡಂ, ನೀವು ಮತ್ತೆ ಹತ್ತೋದಾದ್ರೆ ಗೋಧಿ ಇರಲಿ. ದಿನಾ ಒಂದು ಸುತ್ತು ಹೊಡೆದ್ರೂ ಸಾಕು. ಇಲ್ಲಾಂದ್ರೆ ಕಳಿಸ್ಬೇಕಾಗುತ್ತೆ."

"ಎಲ್ಲಿಗೆ?" ಎಂದೆ ನಾನು.

"ಬಯಲಿಗೆ. ವಯಸ್ಸಾದ ಕುದುರೆಗಳನ್ನ ಬಿಡೋ ಒಂದು ಜಾಗ ಇದೆ." ಹೇಳುವಾಗ ಅವನು ಕುರ್ಚಿಯ ಕೈ ಸವರುತ್ತಿದ್ದ. ಅವನಿಗೆ ಕುದುರೆ ಹತ್ತಲು ಕಲಿಸಿದ್ದೂ ಅತ್ತೆಯೇ. ಅವರ ಮುಖ ನೋಡಲು ಅವನಿಗೆ ಆಗುತ್ತಿರಲಿಲ್ಲ.

ಅವನು ಮೆಟ್ಟಿಲಿಳಿದು ಹೋದ ಮೇಲೆ, "ಆ ಬಯಲು ಯಾರೂ ನೋಡಿಲ್ಲ, ಲಾರಿ ಹತ್ತಿದ ಕುದುರೆ ವಾಪಸೂ ಬಂದಿಲ್ಲ" ಎಂದರು ಅತ್ತೆ. ನನಗೆ ಕುದುರೆ ಎಂದರೆ ಪ್ರೀತಿಯೇನಲ್ಲ. ಎದುರು ನಿಂತರೆ ಕಚ್ಚುತ್ತದೆ, ಹಿಂದೆ ನಿಂತರೆ ಒದೆಯುತ್ತದೆ, ಪಕ್ಕದಲ್ಲಿ ನಿಂತರೆ ಕಾಲು ತುಳಿಯುತ್ತದೆ. ಆದರೆ ಅತ್ತೆಯ ಮುಖ ಹಾಗೆ ಬಿದ್ದು ಹೋದದ್ದನ್ನು ನಾನು ಆಸ್ಪತ್ರೆಯಲ್ಲೂ ನೋಡಿರಲಿಲ್ಲ.

ಡಾಕ್ಟರು ನಿಧಾನದ ಸವಾರಿಗೆ ಒಪ್ಪಿದರು. ಒಪ್ಪದೆ ಇದ್ದಿದ್ದರೆ ಅತ್ತೆ ಡಾಕ್ಟರನ್ನೇ ಬದಲಾಯಿಸುತ್ತಿದ್ದರು. ತೊಂದರೆ ಬಂದದ್ದು ಕುದುರೆಯ ಜೀನಿನಿಂದ. ಗಟ್ಟಿ ಜೀನಿನ ಮೇಲೆ ಕಾಲು ಅಗಲಿಸಿ, ಪಕ್ಕದಲ್ಲಿ ನೇತಾಡುವ ಕಬ್ಬಿಣದ ರಿಕಾಪಿನಲ್ಲಿ ಪಾದ ಸಿಕ್ಕಿಸಿ, ಮಂಡಿ ಮಡಚಿದ ಕೂಡಲೇ ಹೊಸ ಕೀಲು ಹಿಡಿದುಕೊಂಡಿತು. ನಾನೂ ಗಂಡನೂ ಸೇರಿ ಕೆಳಗಿಳಿಸುವಷ್ಟರಲ್ಲಿ ಅತ್ತೆಯ ಮುಖ ಸುಣ್ಣದಂತಾಗಿತ್ತು. ನನ್ನ ಗಂಡ "ಸಾಕಮ್ಮ, ಬಿಟ್ಬಿಡು" ಎಂದ. ಅತ್ತೆ ಮಗನ ಕಡೆ ತಿರುಗಿಯೂ ನೋಡದೆ ನನಗೆ ಹೇಳಿದರು: "ಜೀನು ಬೇಡ. ಬರಿಬೆನ್ನಿನ ಮೇಲೆ ಹಾಕೋ ಮೆತ್ತೆ ಸಿಗುತ್ತೆ. ಕಾಲು ಸುಮ್ಮನೆ ಇಳಿಬಿಟ್ಟು ಕೂರಬಹುದು. ಮೆತ್ತೆ ನಿನ್ನ ವಿಷಯ ತಾನೇ? ನಡಿ, ಅಂಗಡಿಗೆ ಹೋಗೋಣ."

ಮೆತ್ತೆ ನನ್ನ ವಿಷಯ ಎಂದು ಅವರು ಒಪ್ಪಿಕೊಂಡದ್ದು ಅದೇ ಮೊದಲು. ನಾನು ಉಬ್ಬಿಹೋದೆ.

ಕುದುರೆ ಸಾಮಾನಿನ ಅಂಗಡಿ ಛತ್ರಿ ರಿಪೇರಿಯವನಿಗೂ ಬೀಗದ ಅಂಗಡಿಗೂ ನಡುವೆ ಒತ್ತರಿಸಿಕೊಂಡು ನಿಂತಿತ್ತು. ಒಳಗೆ ಕಾಲಿಟ್ಟರೆ ಚರ್ಮದ, ಮೇಣದ ವಾಸನೆ. ಮಧ್ಯದಲ್ಲಿ ತಲೆಯಿಲ್ಲದ ಒಂದು ಮರದ ಕುದುರೆ. ಅಂಗಡಿಯವನು ಮೆತ್ತೆ ಎಂದ ಕೂಡಲೇ "ಮೊಮ್ಮಗಳಿಗಾ?" ಎಂದ.

"ನನಗೆ" ಎಂದರು ಅತ್ತೆ.

ಅವನು ಕೋಲು ನೋಡಿದ, ಅತ್ತೆಯನ್ನು ನೋಡಿದ, ಆಮೇಲೆ ಜಾಣತನದಿಂದ ಬಾಯಿಗೆ ಬೀಗ ಹಾಕಿಕೊಂಡು ಕಪಾಟಿನಿಂದ ಮೆತ್ತೆಗಳನ್ನು ಇಳಿಸಿದ. ಮೊದಲು ತೋರಿಸಿದ್ದಕ್ಕೆ ಎರಡೂ ಪಕ್ಕ ರಿಕಾಪು ನೇತಾಡುತ್ತಿದ್ದವು. ಇದೇ ಎಲ್ಲಕ್ಕಿಂತ ಭದ್ರ, ಇದೇ ಹೆಚ್ಚು ಹೋಗುವುದು ಎಂದು ಹೊಗಳಿದ. ಅತ್ತೆ ಅದನ್ನು ಕೈಯಲ್ಲೂ ಮುಟ್ಟಲಿಲ್ಲ.

"ಜೀನಿನ ಒಳಗೆ ಗಟ್ಟಿ ಚೌಕಟ್ಟು ಇರುತ್ತೆ, ಅದು ಭಾರ ಹಂಚುತ್ತೆ" ಎಂದು ನನಗೆ ಹೇಳಿದರು, ಅವನಿಗೆ ಕೇಳುವ ಹಾಗೆ. "ಇದರಲ್ಲಿ ಏನಿದೆ? ಬರೀ ಹತ್ತಿ. ಇದಕ್ಕೆ ರಿಕಾಪು ನೇತುಹಾಕಿ ಅದರ ಮೇಲೆ ಕಾಲು ಒತ್ತಿದ್ರೆ ಇಡೀ ಭಾರ ಒಂದು ಪಟ್ಟಿ ಮೇಲೆ. ಆ ಪಟ್ಟಿ ಕುದುರೆಯ ಬೆನ್ನೆಲುಬಿನ ಮೇಲೆ. ಇದನ್ನ ಮಾರೋನು ಅದನ್ನ ಒಂದು ದಿನ ತನ್ನ ಬೆನ್ನಿಗೆ ಕಟ್ಕೊಂಡು ಓಡಾಡ್ಬೇಕು."

ಎರಡನೆಯದು ತೆಳ್ಳಗೆ, ಉಣ್ಣೆಯನ್ನು ಒತ್ತಿ ಮಾಡಿದ ಫೆಲ್ಟಿನದು. ಅದನ್ನು ಕಂಡು ಅತ್ತೆ ತಲೆದೂಗಿದರು. ಮೂರನೆಯದು ಕುರಿಮರಿಯ ಹಾಗೆ ತುಪ್ಪಳವಿದ್ದ ದಪ್ಪ ಮೆತ್ತೆ. ಅದನ್ನು ಕಂಡು ನಾನು ತಲೆದೂಗಿದೆ. ಇಬ್ಬರಿಗೂ ಹಟ. ಕೊನೆಗೆ ಅಂಗಡಿಯವನೇ ಬೇಸತ್ತು, ಎರಡನ್ನೂ ಒಯ್ದು ಹಾಕಿ ನೋಡಿ, ಬೇಡದ್ದನ್ನು ಕೂದಲು ಹತ್ತದ ಹಾಗೆ ವಾಪಸು ತನ್ನಿ ಎಂದ.

ತೆಳ್ಳನೆಯದರಲ್ಲಿ ಅತ್ತೆ ಅರ್ಧ ಸುತ್ತು ಹೋದರು. ವಯಸ್ಸಾಗಿ ಗೋಧಿಯ ಬೆನ್ನಿನ ಮಾಂಸ ಕರಗಿತ್ತು, ಎಲುಬು ಎದ್ದು ಕಾಣುತ್ತಿತ್ತು. ಆ ಎಲುಬಿನ ಪ್ರತಿ ಅಲುಗಾಟವೂ ಅತ್ತೆಯ ಸೊಂಟಕ್ಕೆ ನೇರವಾಗಿ ಬಡಿಯುತ್ತಿತ್ತು. ತುಟಿ ಕಚ್ಚಿಕೊಂಡು, "ಚೆನ್ನಾಗಿದೆ, ಚೆನ್ನಾಗಿದೆ" ಎನ್ನುತ್ತಲೇ ಕಣ್ಣಲ್ಲಿ ನೀರು ತಂದುಕೊಂಡರು. ದಪ್ಪನೆಯದರಲ್ಲಿ ಸುಖವಾಗಿ ಕೂತರು, ಆದರೆ ಅದರ ತಳ ನುಣ್ಣನೆಯ ನೈಲಾನು. ಮೊದಲ ತಿರುವಿನಲ್ಲೇ ಮೆತ್ತೆ ಅತ್ತೆಯ ಸಮೇತ ಪಕ್ಕಕ್ಕೆ ಜಾರಿತು. ನಾನು ಕಿರುಚಿದ ಕಿರುಚಾಟಕ್ಕೆ ಲಾಯದ ಕುದುರೆಗಳೆಲ್ಲ ತಲೆ ಎತ್ತಿದವು. ಗೋಧಿ ಮಾತ್ರ ಹೆದರಲಿಲ್ಲ. ನಿಂತಲ್ಲೇ ನಿಂತು, ಜಾರುತ್ತಿದ್ದವರ ಕಡೆಗೆ ತನ್ನ ಮೈಯನ್ನೇ ಸ್ವಲ್ಪ ವಾಲಿಸಿಕೊಟ್ಟಿತು. ನಾನು ಹೋಗಿ ಹಿಡಿಯುವಷ್ಟು ಹೊತ್ತು ಹಾಗೇ ಇತ್ತು. ಆವತ್ತಿನಿಂದ ಆ ಪ್ರಾಣಿಯ ಮೇಲಿನ ನನ್ನ ಸಿಟ್ಟು ಇಳಿಯಿತು.

"ಇವರ ಮೆತ್ತೆಗಳಿಗೆ ಬೆಂಕಿ ಹಾಕ" ಎಂದೆ. "ನಾನೇ ಹೊಲಿದು ಕೊಡ್ತೀನಿ."

ಮಾರನೆಯ ದಿನ ಗಂಡನ ಪೆಟ್ಟಿಗೆಯಿಂದ ಬೆಸುಗೆ ಹಾಕುವ ಸೀಸದ ತಂತಿ ಕದ್ದೊಯ್ದು, ಉಸಿರು ಬಿಗಿಹಿಡಿದು, ಗೋಧಿಯ ಬೆನ್ನಿನ ಮೇಲೆ ಬಗ್ಗಿಸಿ ಅಳತೆ ತೆಗೆದೆ. ಹೆಗಲು ಎತ್ತರ, ಹಿಂಬದಿ ಎತ್ತರ, ನಡುವೆ ಚೆನ್ನಾಗಿ ಕುಸಿದ ತಗ್ಗು. ನೋಡಿದ ಕೂಡಲೇ ನನಗೆ ಎಲ್ಲವೂ ಅರ್ಥವಾಯಿತೆಂದುಕೊಂಡೆ. ದಪ್ಪ ಮನುಷ್ಯನೊಬ್ಬ ವರ್ಷಗಟ್ಟಲೆ ಒಂದೇ ಕಡೆ ಕೂತ ಸೋಫಾ ಹೀಗೇ ಇರುತ್ತದೆ. ಅಂಥ ಸೋಫಾ ನನ್ನ ಕೈಗೆ ಎಷ್ಟು ಬಂದಿಲ್ಲ! ಅದಕ್ಕೆ ಮದ್ದು ಒಂದೇ: ತಗ್ಗು ತುಂಬಬೇಕು. ತಗ್ಗಿಗೆ ಗಟ್ಟಿ ಫೋಮನ್ನು ಒಂದರ ಮೇಲೊಂದು ಇಟ್ಟು ಸಮತಟ್ಟು ಮಾಡಿ, ಮೇಲೆ ಮೆದು ಫೋಮು ಹೊದಿಸಿದರೆ ಕೂತವರಿಗೆ ತೊಟ್ಟಿಲಲ್ಲಿ ಕೂತ ಹಾಗಿರುತ್ತದೆ.

ಹಾಗೇ ಮಾಡಿದೆ. ತಳಕ್ಕೆ ಜಾರದ ಹಾಗೆ ಒತ್ತಾದ ಉಣ್ಣೆಯ ಫೆಲ್ಟು. ಕೂರುವ ಕಡೆಗೆ ಒರಟು ಸ್ವೇಡ್ ಚರ್ಮ, ಒಂದು ದೊಡ್ಡ ಮನೆಯ ಕುರ್ಚಿಗೆ ತಂದು ಉಳಿದಿದ್ದದ್ದು. ಹೊಟ್ಟೆಯ ಸುತ್ತ ಬಿಗಿಯಲು ಅಗಲವಾದ ಪಟ್ಟಿ, ಚರ್ಮ ಉಜ್ಜದ ಹಾಗೆ ಅದಕ್ಕೂ ಉಣ್ಣೆ. ಮುಂದೆ ಹಿಡಿದುಕೊಳ್ಳಲು ಒಂದು ಹಿಡಿ. ಅಂಚಿಗೆ ಎರಡೆರಡು ಸಾಲು ಹೊಲಿಗೆ. ಗಿರಾಕಿಗಳ ಸೋಫಾಗಳೆಲ್ಲ ಕಾದು ಕೂತವು, ಬೈದವರು ಬೈದರು. ಗಂಡ ಬಂದು ಬೆರಳಿಂದ ಒತ್ತಿ ನೋಡಿ, "ಇದರ ಮೇಲೆ ನಾನೇ ಮಲಗಿಬಿಡ್ತೀನಿ" ಎಂದ. ಅವನ ಕೈಗೆ ಒಂದು ಏಟು ಕೊಟ್ಟೆ.

ಮೆತ್ತೆ ಹಾಕಿ ಪಟ್ಟಿ ಬಿಗಿದ ದಿನ ಅತ್ತೆ ಹತ್ತುವ ಕಟ್ಟೆಯಿಂದ ನಿಧಾನವಾಗಿ ಕಾಲು ಹಾಕಿ ಕೂತರು. ಕೂತು, ಕಾಲು ಇಳಿಬಿಟ್ಟು, ಕಣ್ಣು ಮುಚ್ಚಿದರು. ನಾನು ಕೆಳಗಿನಿಂದ ಅವರ ಮುಖವನ್ನೇ ನೋಡುತ್ತಿದ್ದೆ. ಹಣೆಯ ಮೇಲೆ ಎಷ್ಟೋ ದಿನದಿಂದ ಕಟ್ಟಿದ್ದ ಗಂಟು ಬಿಚ್ಚಿಕೊಂಡಿತು.

"ಇಷ್ಟು ವರ್ಷದಲ್ಲಿ ನೀನು ಮಾಡಿದ ಮೊದಲನೇ ಒಳ್ಳೆ ಕುರ್ಚಿ ಇದು" ಎಂದರು.

ಆಮೇಲೆ ಪಾಠ ಹೇಳುವ ದನಿಯಲ್ಲಿ, "ಮುಂದಿನಿಂದ ಮೆತ್ತೆಯ ಕೆಳಗೆ ಕೈ ಹಾಕು, ಬೆನ್ನೆಲುಬಿನ ಮೇಲೆ. ಹೋಗುತ್ತಾ?" ಎಂದು ಕೇಳಿದರು.

ಹಾಕಿದೆ. ಬೆರಳ ತುದಿಯೂ ನುಗ್ಗಲಿಲ್ಲ. ನನಗೆ ಹೆಮ್ಮೆಯಾಯಿತು. ನನ್ನ ಕಸುಬಿನಲ್ಲಿ ಮೆತ್ತೆಗೂ ಚೌಕಟ್ಟಿಗೂ ನಡುವೆ ಬೆರಳು ಹೋದರೆ ಅದು ಕಳಪೆ ಕೆಲಸ.

"ಹೋಗೋದೇ ಇಲ್ಲ ಅತ್ತೆ! ಅಚ್ಚು ಹೊಯ್ದ ಹಾಗೆ ಕೂತಿದೆ."

ಅತ್ತೆ ಗೋಧಿಯ ಕಿವಿಗಳ ನಡುವಿನಿಂದ ಅಂಗಳದ ಬೇಲಿಯನ್ನು ನೋಡುತ್ತಿದ್ದರು. ಆಮೇಲೆ "ಸರಿ. ನಡಿ ಮಗಳೇ" ಎಂದರು. ಹೇಳಿದ್ದು ಗೋಧಿಗೆ. ಅದು ಹೊರಟಿತು.

ಅಲ್ಲಿಂದ ಕೆಲವು ವಾರ ನಮ್ಮ ಮನೆಯಲ್ಲಿ ಹಬ್ಬವೋ ಹಬ್ಬ. ಬೆಳಿಗ್ಗೆ ಗಂಡ ನಮ್ಮಿಬ್ಬರನ್ನು ವ್ಯಾನಿನಲ್ಲಿ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದ. ನಾನು ಹಗ್ಗ ಹಿಡಿದು ಮುಂದೆ, ಮೇಲೆ ಅತ್ತೆ. ಯಜಮಾನ ದೂರದಿಂದ ಕೈ ಎತ್ತಿ ನಮಸ್ಕಾರ ಮಾಡುತ್ತಿದ್ದ. ಮೆತ್ತೆ ಕಂಡರೆ ಗೋಧಿಗೆ ಕೆಲಸದ ಹೊತ್ತಾಯಿತೆಂದು ಗೊತ್ತಾಗುತ್ತಿತ್ತು. ತಲೆ ತಗ್ಗಿಸಿಕೊಂಡು ಹತ್ತುವ ಕಟ್ಟೆಯ ಪಕ್ಕಕ್ಕೆ ತಾನೇ ಹೋಗಿ, ಅತ್ತೆ ಕೋಲು ಬದಿಗಿಟ್ಟು, ಉಸ್ಸೆಂದು, ಶಾಪ ಹಾಕಿ, ಕಾಲು ಎತ್ತಿ ಕೂರುವವರೆಗೂ ಕಲ್ಲಿನಂತೆ ನಿಲ್ಲುತ್ತಿತ್ತು. "ನಡಿ ಮಗಳೇ" ಎನ್ನದೆ ಹೆಜ್ಜೆ ತೆಗೆಯುತ್ತಿರಲಿಲ್ಲ. ನನ್ನನ್ನಂತೂ ಆ ಬಾಯಲ್ಲಿ ಒಮ್ಮೆಯೂ ಮಗಳೇ ಎಂದು ಕರೆದವರಲ್ಲ. ಕುದುರೆಯ ಮೇಲೆ ಹೊಟ್ಟೆಕಿಚ್ಚು ಪಟ್ಟ ಸೊಸೆ ನಾನೊಬ್ಬಳೇ ಇರಬೇಕು.

ಆಮೇಲೆ ಗೋಧಿ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಒತ್ತಲು ಶುರುಮಾಡಿತು. ಅತ್ತೆ ಕೂತ ಕ್ಷಣ ಬೆನ್ನನ್ನು ಇನ್ನಷ್ಟು ತಗ್ಗಿಸುತ್ತಿತ್ತು. ಹೆಜ್ಜೆ ಚಿಕ್ಕದಾಯಿತು. ಕತ್ತು ತಿರುಗಿಸಿ ತನ್ನ ಬೆನ್ನನ್ನು ತಾನೇ ನೋಡಿಕೊಳ್ಳಲು ಹವಣಿಸುತ್ತಿತ್ತು.

"ಅತ್ತೆ, ಇದಕ್ಕೇನೋ ಆಗ್ತಿದೆ."

"ವಯಸ್ಸು" ಎಂದರು. "ನನಗೂ ಆಗ್ತಿದೆ."

ಒಂದು ಬೆಳಿಗ್ಗೆ ಮೈ ಉಜ್ಜುವಾಗ, ನನ್ನ ಬ್ರಷ್ಷು ನಡುಬೆನ್ನಿಗೆ ತಗುಲಿದ್ದೇ ತಡ, ಆ ದೊಡ್ಡ ಪ್ರಾಣಿ ನೆಲಕ್ಕೆ ಕುಸಿಯುವ ಹಾಗೆ ಬಗ್ಗಿಹೋಯಿತು. ಬರೀ ಬ್ರಷ್ಷಿಗೆ! ಅತ್ತೆ ಬೇಡವೆನ್ನುತ್ತಿದ್ದರೂ ಕೇಳದೆ ಕುದುರೆ ಡಾಕ್ಟರಿಗೆ ಫೋನು ಮಾಡಿದೆ.

ಡಾಕ್ಟರ್ ಕಡಿಮೆ ಮಾತಿನ ಹೆಂಗಸು. ಎರಡು ಹೆಬ್ಬೆರಳಿಂದ ಗೋಧಿಯ ಬೆನ್ನೆಲುಬಿನ ಎರಡೂ ಪಕ್ಕ ಒತ್ತುತ್ತಾ ಬಂದಳು. ನಡುವಿಗೆ ಬಂದಾಗ ಗೋಧಿಯ ಚರ್ಮ ನಡುಗಿತು, ಹಿಂಗಾಲು ಮಡಚಿತು. ಅವಳು ಕೈ ತೆಗೆದು ಅದರ ಕತ್ತು ಸವರಿ, ಬೇಲಿಯ ಮೇಲಿದ್ದ ಮೆತ್ತೆಯನ್ನು ತಿರುಗಿಸಿ ನೋಡಿದಳು.

"ಇದನ್ನ ಮಾಡಿದ್ದು ಯಾರು?"

"ನಾನು."

"ಹೊಲಿಗೆ ತುಂಬಾ ಚೆನ್ನಾಗಿದೆ" ಎಂದಳು. ಅದನ್ನು ಕೇಳಿಯೇ ನನಗೆ ಮುಂದಿನದು ಗೊತ್ತಾಗಿಹೋಯಿತು. "ಆದ್ರೆ ಬೆನ್ನೆಲುಬಿನ ಮೇಲೆ ಏನೂ ತಾಗಬಾರದು. ಎರಡೂ ಪಕ್ಕ ಮಾಂಸದ ಮೇಲೆ ಉದ್ದ ದಿಂಬಿನಂಥ ದಿಂಡು ಕೂರಬೇಕು, ನಡುವೆ ಉದ್ದಕ್ಕೂ ಖಾಲಿ ಬಿಡಬೇಕು. ನೀವು ಆ ಖಾಲೀನೇ ತುಂಬಿದ್ದೀರಿ. ಕೂತವರ ಭಾರ ಎಲ್ಲಾ ಸರಿಯಾಗಿ ನೋವಿರೋ ಜಾಗಕ್ಕೇ ಇಳಿದಿದೆ."

ಸೋಫಾದ ಕೆಳಗೆ ಹಲಗೆ ಇರುತ್ತದೆ. ಅದಕ್ಕೆ ನೋವಿಲ್ಲ. ಇಷ್ಟು ವರ್ಷ ನಾನು ಕೂರುವವರ ಕಡೆಯಿಂದಲೇ ಯೋಚಿಸಿದವಳು, ಕೂರಿಸಿಕೊಳ್ಳುವುದರ ಕಡೆಯಿಂದ ಯೋಚಿಸುವ ಅಭ್ಯಾಸವೇ ನನ್ನ ಕೈಗಿರಲಿಲ್ಲ.

"ಇದರಿಂದಲೇ ಹೀಗಾಯ್ತಾ?"

"ಇದರಿಂದಲೇ ಅಂತಲೂ ಹೇಳೋಕಾಗಲ್ಲ. ಎಲುಬುಗಳು ವಯಸ್ಸಿಗೆ ಹತ್ತಿರ ಬಂದು ಒಂದಕ್ಕೊಂದು ತಾಗ್ತಿವೆ. ಅದು ಮೊದಲೇ ಶುರುವಾಗಿತ್ತು. ಈ ಮೆತ್ತೆ ಅದನ್ನ ಬೇಗ ಹೆಚ್ಚಿಸಿರಬಹುದು, ಹೆಚ್ಚಿಸದೇನೂ ಇರಬಹುದು."

ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಆಡಿದ ಆ ಮಾತಿಗೆ ನನಗೆ ಮೈಯೆಲ್ಲ ಉರಿಯಿತು. ನಿನ್ನದೇ ತಪ್ಪು ಎಂದು ನೇರವಾಗಿ ಹೇಳಿದ್ದರೆ ಅಳಬಹುದಿತ್ತು, ಅಲ್ಲ ಎಂದಿದ್ದರೆ ಉಸಿರಾಡಬಹುದಿತ್ತು.

"ಬಿಚ್ಚಿ ಮತ್ತೆ ಹೊಲಿತೀನಿ. ನಡುವೆ ಖಾಲಿ ಬಿಡ್ತೀನಿ."

"ಇನ್ನು ಯಾರೂ ಕೂರಬಾರದು" ಎಂದಳು ಡಾಕ್ಟರ್. "ಎಂಥ ಮೆತ್ತೆ ಹಾಕಿದ್ರೂ ಅಷ್ಟೇ. ಮಗು ಕೂಡ ಬೇಡ."

ಯಜಮಾನ ಸ್ವಲ್ಪ ದೂರದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ನನ್ನ ಕಣ್ಣಿಗೆ ಕಣ್ಣು ಸಿಕ್ಕ ಕೂಡಲೇ ತಲೆ ತಗ್ಗಿಸಿ ಲಾಯದ ಒಳಗೆ ಹೋದ.

ವಾಪಸಾಗುವಾಗ ವ್ಯಾನಿನ ಹಿಂದಿನ ಸೀಟಿನಲ್ಲಿ ನಾನೂ ಅತ್ತೆಯೂ, ನಡುವೆ ಮೆತ್ತೆ. ಕರೆದೊಯ್ಯಲು ಬಂದ ಗಂಡ ಮುಂದೆ ಗಾಡಿ ಓಡಿಸುತ್ತಿದ್ದ. ಸಂತೆಯ ಬೀದಿ ದಾಟಿದ ಮೇಲೆ ಅತ್ತೆಯೇ ಬಾಯಿಬಿಟ್ಟರು.

"ನೀನು ಅಳಬೇಡ. ನನಗೆ ಮೊದಲನೇ ದಿನವೇ ಗೊತ್ತಿತ್ತು."

"ಏನು?"

"ಕೈ ಹೋಗಲ್ಲ ಅಂದ್ಯಲ್ಲ. ಆಗಲೇ."

ನನ್ನ ಅಳು ಹಾರಿಹೋಗಿ ಕೋಪ ನೆತ್ತಿಗೇರಿತು. ದೊಡ್ಡವರು ಚಿಕ್ಕವರು ನೋಡಲಿಲ್ಲ. "ಗೊತ್ತಿದ್ದೂ ಸುಮ್ಮನೆ ಕೂತ್ರಾ? ಪ್ರಪಂಚಕ್ಕೆಲ್ಲ ಬುದ್ಧಿ ಹೇಳ್ತೀರಿ, ಅಂಗಡಿಯವನಿಗೆ ಬೈತೀರಿ! ನಡುವೆ ಖಾಲಿ ಬಿಡು ಅಂತ ನನಗೆ ಒಂದು ಮಾತು ಹೇಳಿದ್ರೆ ಅವತ್ತೇ ಬಿಚ್ಚಿ ಹೊಲಿದು ಕೊಡ್ತಿದ್ದೆ!"

"ಕೊಡ್ತಿದ್ದೆ. ಎರಡೂ ಪಕ್ಕ ದಿಂಡು ಬರ್ತಿತ್ತು, ಮೆತ್ತೆ ಅಗಲ ಆಗ್ತಿತ್ತು. ನನ್ನ ಕಾಲು ಅಷ್ಟಗಲ ಹೋಗಲ್ಲ ಕಣೇ. ಜೀನಿಗೆ ಹೋಗದ್ದು ಅದಕ್ಕೆ ಹೇಗೆ ಹೋಗುತ್ತೆ? ಗೋಧಿಗೆ ಸರಿಯಾಗಿದ್ದು ನನಗೆ ಆಗಲ್ಲ, ನನಗೆ ಆಗಿದ್ದು ಅವಳಿಗೆ ಸರಿಯಲ್ಲ."

"ಹಾಗಾದ್ರೆ ಇಳೀಬೇಕಿತ್ತು!"

ಅತ್ತೆ ಮೆತ್ತೆಯ ಅಂಚಿನ ಹೊಲಿಗೆಯ ಮೇಲೆ ಬೆರಳಾಡಿಸುತ್ತಿದ್ದರು.

"ನಾನು ಇಳಿದ್ರೆ ಅವಳು ಲಾರಿ ಹತ್ತಬೇಕಿತ್ತು" ಎಂದರು.

ಮುಂದೆ ಗಂಡ ಹಾರ್ನ್ ಒತ್ತಿದ, ಎದುರಿಗೆ ಯಾರೂ ಇರಲಿಲ್ಲ.

ಆಮೇಲಿನ ದಿನಗಳಲ್ಲಿ ನಾವು ಕಂಡವರ ಕಾಲಿಗೆ ಬೀಳುವುದೊಂದು ಬಾಕಿ. ಗಂಡ ಪರಿಚಯದವರಿಗೆ, ಪರಿಚಯದವರ ಪರಿಚಯದವರಿಗೆ ಫೋನು ಮಾಡಿದ. ಊರಾಚೆ ಹುಲ್ಲುಗಾವಲಿರುವವರೆಲ್ಲ ಮೊದಲು "ಓಹೋ ಕುದುರೆ!" ಎಂದು ಖುಷಿಪಡುತ್ತಿದ್ದರು. "ಸವಾರಿ ಮಾಡಬಹುದಾ?" ಎಂಬ ಪ್ರಶ್ನೆಗೆ ಇಲ್ಲ ಎಂದ ಕೂಡಲೇ ಆ ಕಡೆ ದನಿ ತಣ್ಣಗಾಗುತ್ತಿತ್ತು. ನಾನು ಯಜಮಾನನ ಹತ್ತಿರ ಹೋಗಿ, ಶಾಲೆಯ ಕುರ್ಚಿಗಳನ್ನೆಲ್ಲ ಜೀವನಪರ್ಯಂತ ಸುಮ್ಮನೆ ಹೊಲಿದುಕೊಡುತ್ತೇನೆಂದೆ. ಅವನು ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. "ಅಕ್ಕಾ, ಇದರ ಜಾಗಕ್ಕೆ ಕೊಂಡ ಹೊಸ ಕುದುರೆ ಆಗಲೇ ಹೊರಟಿದೆ, ಅದನ್ನ ಎಲ್ಲಿ ಕಟ್ಟಲಿ?" ಎಂದು ನನ್ನನ್ನೇ ಕೇಳಿದ. ಕಟ್ಟಲು ನಮ್ಮ ಮನೆಯಲ್ಲಿ ಏನಿತ್ತು, ಮೆಟ್ಟಿಲು ಮತ್ತು ಕುರ್ಚಿಗಳು.

ಅಂಗಡಿಗೆ ಬಂದು ಮೆತ್ತೆಯ ಹೊಲಿಗೆ ಬಿಚ್ಚಿದೆ. ತಗ್ಗಿಗೆ ತುಂಬಿದ್ದ ಫೋಮನ್ನೆಲ್ಲ ಕಿತ್ತು ಬಿಸಾಡಿದೆ. ಎರಡು ದಿಂಡು ಮಾಡಿ, ನಡುವೆ ಅಂಗೈ ಆಡುವಷ್ಟು ಖಾಲಿ ಬಿಟ್ಟು, ಮತ್ತೆ ಹೊಲಿದೆ. "ಈಗ ಯಾಕೆ?" ಎಂದು ಗಂಡ ಕೇಳಿದ್ದಕ್ಕೆ "ಕೈ ಸುಮ್ಮನೆ ಇರಲ್ಲ, ನೀನು ನಿನ್ನ ಕೆಲಸ ನೋಡ್ಕೋ" ಎಂದು ರೇಗಿದೆ. ಅತ್ತೆ ಮೆಟ್ಟಿಲ ಮೇಲೆ ಕೂತು ಕೂತು ಇಳಿದು ಬಂದು, ಅದರ ತಳವನ್ನು ಬಹಳ ಹೊತ್ತು ನೋಡಿದರು.

"ಈಗ ಸರಿಯಾಗಿದೆ" ಎಂದರು.

ಗೋಧಿಯನ್ನು ಒಯ್ಯುವ ದಿನ ಲಾರಿ ಬಂದದ್ದು ಬಿಸಿಲೇರಿದ ಮೇಲೆ. ಹಿಂಬದಿಯ ಹಲಗೆಯನ್ನು ನೆಲಕ್ಕೆ ಇಳಿಸಿ ಏರುದಾರಿ ಮಾಡಿದ್ದರು. ಗೋಧಿ ಅದರ ಮೇಲೆ ಒಂದು ಗೊರಸು ಇಟ್ಟಿತು, ಹಲಗೆ ಟಕ್ಕೆಂದದ್ದೇ ಹಿಂದಕ್ಕೆ ನೆಗೆಯಿತು. ಮತ್ತೆ ಎಳೆದರು, ಮತ್ತೆ ನೆಗೆಯಿತು. ಜೀವನದಲ್ಲಿ ಯಾರ ಮಾತಿಗೂ ಎದುರಾಡದ ಪ್ರಾಣಿ ಆವತ್ತು ಕಣ್ಣಿನ ಬಿಳಿ ಕಾಣುವ ಹಾಗೆ ಹೆದರಿ, ಬೆವೆತು, ಹಗ್ಗ ಹಿಡಿದವನನ್ನು ನೆಲದಿಂದ ಎತ್ತಿಬಿಟ್ಟಿತು. ಲಾರಿಯವನು ಗಾಡಿಯಿಂದ ಒಂದು ಕೋಲು ತಂದ. ಯಜಮಾನ ಬೇಡವೆಂದ, ಆದರೆ ಅದರ ಬದಲು ಏನು ಮಾಡಬೇಕೆಂದು ಅವನಿಗೂ ತೋಚಲಿಲ್ಲ.

ಅತ್ತೆ ನನ್ನ ತೋಳು ಹಿಡಿದರು. "ವ್ಯಾನಲ್ಲಿ ಮೆತ್ತೆ ಇದೆ. ತಾ."

"ಅತ್ತೆ, ಬೇಡ..."

"ಹೊಡಿತಾರೆ ಕಣೇ. ತಾ."

ತಂದೆ. ಮೆತ್ತೆ ಕಂಡದ್ದೇ ಗೋಧಿಯ ಕಿವಿ ಮುಂದೆ ಬಂದವು. ನಾನೇ ಹೋಗಿ ಬೆನ್ನಿನ ಮೇಲೆ ಹಾಕಿದೆ, ನಾನೇ ಪಟ್ಟಿ ಬಿಗಿದೆ. ಅದು ತಲೆ ತಗ್ಗಿಸಿ ಉಸಿರು ಬಿಟ್ಟಿತು. ಕೆಳಗೆ ಕೈ ಹಾಕಿ ನೋಡಿದೆ, ಅಭ್ಯಾಸಬಲ. ಕೈ ಸಲೀಸಾಗಿ ಓಡಾಡಿತು. ಬೆನ್ನೆಲುಬಿಗೆ ಏನೂ ತಾಗುತ್ತಿರಲಿಲ್ಲ. ಮೇಲೆ ಯಾರೂ ಇರಲಿಲ್ಲವಲ್ಲ.

ಅತ್ತೆ ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಹಗ್ಗ ಹಿಡಿದು ಆ ಹಲಗೆಯ ಮೇಲೆ ಕಾಲಿಟ್ಟರು. ಬಚ್ಚಲಿಗೆ ಹೋಗಲು ಗೋಡೆ ಬೇಕಿದ್ದವರು, ಗೋಡೆಯಿಲ್ಲದ ಏರಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತಾ ಹೋದರು. ಹಿಡಿಯಲು ಹೋದ ಮಗನನ್ನು ಕಣ್ಣಿನಲ್ಲೇ ತಡೆದರು. "ನಡಿ ಮಗಳೇ" ಎಂದರು.

ಗೋಧಿ ನಡೆಯಿತು. ಹಲಗೆ ಟಕ್ಕೆಂದರೂ ನಿಲ್ಲಲಿಲ್ಲ. ಅವರ ಕುಂಟುವ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸಿಕೊಂಡು ಲಾರಿಯ ಒಳಕ್ಕೆ ಹೋಯಿತು. ಹೋಗಿ, ಗೋಡೆಯ ಪಕ್ಕಕ್ಕೆ ಸರಿದು, ಹತ್ತುವ ಕಟ್ಟೆಯ ಹತ್ತಿರ ನಿಲ್ಲುವ ಹಾಗೆಯೇ ಕಲ್ಲಿನಂತೆ ನಿಂತಿತು. ಅತ್ತೆ ಕೂರಲಿ ಎಂದು ಕಾಯುತ್ತಿತ್ತು.

ಅತ್ತೆ ಅದರ ಕತ್ತಿಗೆ ಹಣೆ ಒತ್ತಿದರು, ಅಷ್ಟೆ. ಅವರನ್ನು ಗಂಡ ಇಳಿಸಿಕೊಂಡು ಬಂದ. ಸಾಮಾನು ಏನೂ ಒಳಗೆ ಬಿಡುವಂತಿಲ್ಲ ಎಂದು ಲಾರಿಯವನು ಹೇಳಿದ್ದರಿಂದ ಪಟ್ಟಿ ಬಿಚ್ಚಿ ಮೆತ್ತೆ ತೆಗೆದವಳು ನಾನು. ತೆಗೆಯುವಾಗ ಗೋಧಿ ಕತ್ತು ತಿರುಗಿಸಿ ನನ್ನನ್ನು ನೋಡಿತು. ಇನ್ನೂ ಒಂದು ಸುತ್ತೂ ಆಗಿಲ್ಲ, ಆಗಲೇ ಯಾಕೆ ಬಿಚ್ಚುತ್ತಿದ್ದೀಯ ಎನ್ನುವ ಹಾಗೆ.

ವ್ಯಾನಿನಲ್ಲಿ ಅತ್ತೆ ಮೆತ್ತೆಯನ್ನು ತಳ ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಅಂಗೈಯನ್ನು ಆ ಖಾಲಿಯಲ್ಲಿ ಊರಿ ಕೂತರು. ಸಂತೆಯ ಬೀದಿ ಬಂದಾಗ ನನ್ನ ಕೈ ಹಿಡಿದೆಳೆದು ಅದರ ಮೇಲಿಟ್ಟರು.

"ನೋಡು" ಎಂದರು. "ಇನ್ನೂ ಬೆಚ್ಚಗಿದೆ."

ಒಳ್ಳೆಯ ಉಣ್ಣೆ. ಮನೆ ಬರುವವರೆಗೂ ಬೆಚ್ಚಗಿತ್ತು.